ದೊರೆ ಕೊಟ್ಟ ಊರುಗೋಲು

ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಹೊಸ ರಬ್ಬರಿನ ವಾಸನೆ. ಮಗಳು ನಿನ್ನೆ ಠಾಣೆ ಪೇಟೆಯಿಂದ ಬರುವಾಗ ನನಗೊಂದು ಊರುಗೋಲು ತಂದಿದ್ದಾಳೆ. ಕಂದು ಬಣ್ಣದ್ದು, ಹಿಡಿ ಸ್ವಲ್ಪ ಬಾಗಿದ್ದು, ತುದಿಗೊಂದು ಕಪ್ಪು ರಬ್ಬರಿನ ಟೊಪ್ಪಿ. ವಾಸನೆ ಆ ಟೊಪ್ಪಿಯದ್ದು. ಮಂಡಿಗೆ ಕೋಲಿನ ಆಸರೆ ಬೇಕೆಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ನಾನು "ನೋಡೋಣ" ಎನ್ನುತ್ತಲೇ ಬಂದಿದ್ದೆ. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಇಲ್ಲ ಎಂದೇ ಅರ್ಥ. ಅದು ಮಗಳಿಗೂ ಗೊತ್ತು. ಆದ್ದರಿಂದ ಕೇಳುವ ಗೋಜಿಗೇ ಹೋಗದೆ ತಂದು, ಬಾಗಿಲ ಹಿಂದೆ ಛತ್ರಿಗಳ ಜೊತೆ ನಿಲ್ಲಿಸಿ, "ಅಮ್ಮಾ, ಆಜ್ ಸೇ ಯೇ ಲೇಕೇ ಹೀ ಜಾನಾ" ಎಂದು ಬೆಳಿಗ್ಗೆ ಆಫೀಸಿಗೆ ಹೊರಟುಹೋದಳು. ಇನ್ನು ಮೇಲೆ ಕೋಲು ಹಿಡಿದೇ ಹೊರಗೆ ಹೋಗಬೇಕಂತೆ. ಅವಳು ಹುಟ್ಟಿದ್ದು ಇಲ್ಲೇ ನೆರೂಳದಲ್ಲಿ, ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಇವತ್ತು ಸಂಜೆ ನಮ್ಮ ಕನ್ನಡ ಸಂಘದಲ್ಲಿ ನಾಟಕದವರದ್ದೆಲ್ಲ ಗ್ರೂಪ್ ಫೋಟೊ ಉಂಟು. ರೇಷ್ಮೆ ಸೀರೆ ತೆಗೆದಿಟ್ಟಿದ್ದೇನೆ. ಆದರೆ ಕೋಲು? "ಅಯ್ಯೋ, ನಿಮಗೆ ಯಾವಾಗ ಹೀಗಾಯ್ತು?" ಎಂದು ಕೇಳಲಿರುವ ಮುಖಗಳನ್ನು ಒಂದೊಂದಾಗಿ ನೆನೆದೆ. ಮಂಡಿಗಿಂತ ಹೆಚ್ಚು ನೋವಾಯಿತು. ಕೋಲನ್ನು ಛತ್ರಿಗಳ ಹಿಂದೆ ಇನ್ನೂ ಸ್ವಲ್ಪ ಒಳಗೆ ತಳ್ಳಿದೆ. ಆದರೆ ವಾಸನೆಯನ್ನು ಎಲ್ಲಿಗೆ ತಳ್ಳುವುದು?

ನಿಮಗೆ ನಾಟಕವೆಂದರೆ ಯಾವ ವಾಸನೆ ನೆನಪಾಗುತ್ತದೋ ಗೊತ್ತಿಲ್ಲ. ಬಣ್ಣದ್ದಿರಬಹುದು, ಬಾಡಿಗೆ ಪೋಷಾಕಿನ ನುಸಿಗುಳಿಗೆಯದ್ದಿರಬಹುದು. ನನಗೆ ಒಂದು ಕಾಲದಲ್ಲಿ ಈ ರಬ್ಬರಿನದ್ದೇ ನಾಟಕದ ವಾಸನೆಯಾಗಿತ್ತು. ಯಾಕೆಂದರೆ ನಾನು ರಂಗದ ಮೇಲೆ ಹೋದವಳಲ್ಲ. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವ ಪ್ರಾಂಪ್ಟರ್. ಆ ಸ್ಟೂಲಿನ ಪಕ್ಕದಲ್ಲಿ ಒಂದು ಚಳಿಗಾಲವಿಡೀ ಶಾಂತಾ ಎಂಬ ಹಾಡುಗಾತಿಯ ಕಂಕುಳುಗೋಲು ಒರಗಿಕೊಂಡಿತ್ತು. ಅದರ ತುದಿಯ ರಬ್ಬರು ಆಗಷ್ಟೇ ಬದಲಾಯಿಸಿದ್ದು.

ಪ್ರಾಂಪ್ಟರ್ ಬದುಕಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನನ್ನ ಹೊಟ್ಟೆ ಉಬ್ಬುತ್ತದೆ. ನಾಟಕ ಗೆದ್ದರೆ ಚಪ್ಪಾಳೆ ನಟರಿಗೆ. ಸೋತರೆ "ಪ್ರಾಂಪ್ಟಿಂಗ್ ಸರಿ ಕೇಳ್ಲೇ ಇಲ್ಲ ಮಾರಾಯ್ರೆ." ಇಡೀ ನಾಟಕ ಬಾಯಿಪಾಠ ಇರುವವಳು ನಾನೊಬ್ಬಳೇ. ಆದರೆ ಒಂದು ಮಾತನ್ನಾದರೂ ಗಟ್ಟಿಯಾಗಿ ಹೇಳಿದವಳಲ್ಲ. ಪಿಸುಗುಟ್ಟಿ ಪಿಸುಗುಟ್ಟಿ ಮನೆಯಲ್ಲೂ ಅದೇ ಅಭ್ಯಾಸವಾಗಿ, ನಮ್ಮವರು "ಅನ್ನಕ್ಕೆ ಬನ್ನಿ ಅಂತ ಕರೆಯುವುದಕ್ಕೂ ಗುಟ್ಟು ಯಾಕೆ?" ಎನ್ನುತ್ತಿದ್ದರು.

ನಮ್ಮ ಸಂಘದಲ್ಲಿ ಹೆಚ್ಚಿನವರು ಉಡುಪಿ ಕಡೆಯವರು. ವರ್ಷಕ್ಕೊಮ್ಮೆ ಸಂಗೀತ ನಾಟಕ ಆಡುವ ಹುಚ್ಚು ಎಲ್ಲರಿಗೂ ಇತ್ತು. ನಾಟಕವನ್ನು ಬರೆದು, ಆಡಿಸಿ, ಹಾರ್ಮೋನಿಯಂ ನುಡಿಸುವವರು ಉಪಾಧ್ಯ ಮಾಷ್ಟ್ರು. ರಾಜನ ವೇಷ ಸಂಘದ ಅಧ್ಯಕ್ಷರಾದ ಜಯಕರ ಶೆಟ್ಟರದ್ದು. ಮಾಜಿವಾಡಾದಲ್ಲಿ ಅವರ ಹೋಟೆಲು. ದುಡ್ಡೆಣಿಸುವ ಗಲ್ಲೆಯ ಮೇಲೆ ಕುಳಿತು ಅಭ್ಯಾಸವಾದ್ದರಿಂದ ಸಿಂಹಾಸನದ ಮೇಲೂ ಹಾಗೆಯೇ ಕುಳಿತುಕೊಳ್ಳುತ್ತಿದ್ದರು.

ಮಾಷ್ಟ್ರ ನಾಟಕಗಳಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ಚಂಪೆಯ ಕತೆ. ಚಂಪೆ ಕಾಡಿನ ಹುಡುಗಿ. ಮೊದಲ ದೃಶ್ಯದಲ್ಲಿ ಜಿಂಕೆಯಂತೆ ಕುಣಿಯುತ್ತಾಳೆ. ಬೇಟೆಗೆ ಬಂದ ರಾಜನ ಬಾಣ ಗುರಿ ತಪ್ಪಿ ಅವಳ ಕಾಲಿಗೆ ನಾಟುತ್ತದೆ. ಆಮೇಲೆ ಅವಳು ಕುಂಟುತ್ತಾ ಆಸ್ಥಾನಕ್ಕೆ ಬಂದು, "ಕೊಡು ದೊರೆಯೆ, ಕಸಿದ ನನ್ನ ನಡಿಗೆಯ" ಎಂದು ಹಾಡುತ್ತಾಳೆ. ರಾಜ ಸಿಂಹಾಸನ ಇಳಿದು ಬಂದು ಅವಳ ಕೈಗೊಂದು ಊರುಗೋಲು ಕೊಟ್ಟು ಅಳುತ್ತಾನೆ. ರಾಜನ ಜೊತೆ ಸಭೆಯೂ ಅಳುತ್ತದೆ. ಅತ್ತಾದ ಮೇಲೆ ಹಿಂದಿನ ಸಾಲಿನಿಂದ "ಒನ್ಸ್ ಮೋರ್!" ಎಂಬ ಕೂಗು.

ಈ ಒನ್ಸ್ ಮೋರ್ ಎಂಬುದು ಸಂಗೀತ ನಾಟಕದಲ್ಲಿ ಕಾನೂನಿದ್ದ ಹಾಗೆ. ಕೂಗು ಬಂತೆಂದರೆ ಕತೆ ಹಿಂದಕ್ಕೆ ಹೋಗಬೇಕು. ಹಾಡು ಶುರುವಾಗುವಾಗ ಯಾರು ಎಲ್ಲಿದ್ದರೋ ಅಲ್ಲಿಗೇ ವಾಪಸು ಹೋಗಿ ನಿಲ್ಲಬೇಕು. ಹಾಡುತ್ತಾ ಸತ್ತವನು ಎದ್ದು, ಮೈ ಕೊಡವಿಕೊಂಡು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ನಮ್ಮ ಜನರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಹಾಗಾಗಿ ಶೆಟ್ಟರು ಪ್ರತಿ ಸಲ ಕೊಟ್ಟ ಕೋಲನ್ನು ಚಂಪೆಯ ಕೈಯಿಂದ ಹಿಂದಕ್ಕೆ ಇಸಿದುಕೊಂಡು, ಸಿಂಹಾಸನಕ್ಕೆ ಹೋಗಿ, ಹಾಡು ಮುಗಿದ ಮೇಲೆ ಮತ್ತೊಮ್ಮೆ ಇಳಿದು ಬಂದು ಕೊಟ್ಟು ಅಳುತ್ತಿದ್ದರು.

ಚಂಪೆಯಾಗುತ್ತಿದ್ದವರು ವಿನೋದಕ್ಕ. ಕುಣಿತ, ಹಾಡು, ಮುಖದ ಕಳೆ, ಎಲ್ಲ ಇದ್ದ ಹೆಂಗಸು. ಕುಂಟುವುದನ್ನೂ ಚಂದ ಮಾಡಿ ಕುಂಟುತ್ತಿದ್ದರು. ಒಂದೇ ತೊಂದರೆ ಎಂದರೆ ಯಾವ ಕಾಲು ಎಂಬುದು ಅವರಿಗೆ ನೆನಪಿರುತ್ತಿರಲಿಲ್ಲ. ಬಾಣ ಬಿದ್ದದ್ದು ಎಡಗಾಲಿಗೆ, ಆಸ್ಥಾನಕ್ಕೆ ಬರುವಾಗ ಎಳೆಯುತ್ತಿದ್ದದ್ದು ಬಲಗಾಲು. ಹಾಡಿನ ನಡುವೆ ಮತ್ತೆ ಎಡಕ್ಕೆ. ನಾನು ಪರದೆಯ ಮರೆಯಿಂದ "ಎಡಗಾಲು! ವಿನೋದಕ್ಕ, ಎಡಗಾಲು!" ಎಂದು ಪಿಸುಗುಟ್ಟುತ್ತಿದ್ದೆ. ಕಣ್ಣೀರು ಒರೆಸಿಕೊಳ್ಳುವ ಗಡಿಬಿಡಿಯಲ್ಲಿದ್ದ ಸಭೆಗೆ ಅದು ಒಮ್ಮೆಯೂ ಗೊತ್ತಾಗಲಿಲ್ಲ.

ಒಂದು ವರ್ಷ ವಿನೋದಕ್ಕನ ಗಂಟಲು ಕೈಕೊಟ್ಟಿತು. ಮಾತಿಗೆ ಅಡ್ಡಿಯಿಲ್ಲ, ಹಾಡಿದರೆ ಸ್ವರ ಒಡೆಯುತ್ತದೆ. ಅದೇ ಹೊತ್ತಿಗೆ ನವರಾತ್ರಿಯ ಭಜನೆಗೆ ಶಾಂತಾ ಬಂದಳು. ವಿಜಯಪುರದ ಕಡೆಯವಳು. ತಂದೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿ ಮಕ್ಕಳನ್ನು ಓದಿಸಿದವರು. ಇವಳಿಗೆ ಬೇಲಾಪುರದ ಒಂದು ಕಚೇರಿಯಲ್ಲಿ ಕ್ಲರ್ಕ್ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣಗಾಗಿತ್ತು. ಕಂಕುಳಿಗೆ ಕೋಲು ಕೊಟ್ಟುಕೊಂಡು ಬಂದು, ಜಮಖಾನೆಯ ತುದಿಯಲ್ಲಿ ಕುಳಿತು, ಬಾಯಿ ತೆರೆದಳು ನೋಡಿ! ಪ್ರಸಾದ ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿದರು. ಮಾಷ್ಟ್ರು ಹಾರ್ಮೋನಿಯಂ ಬಿಟ್ಟು ಸುಮ್ಮನೆ ಕೇಳುತ್ತಾ ಕುಳಿತರು.

ಕಮಿಟಿ ಸೇರಿತು. ಶೆಟ್ಟರು ಭಾರಿ ಉಪಾಯವೊಂದನ್ನು ಕಂಡುಹಿಡಿದರು. ಶಾಂತಾ ಪರದೆಯ ಹಿಂದೆ ನನ್ನ ಪಕ್ಕದಲ್ಲಿ ಕುಳಿತು ಹಾಡುವುದು. ವಿನೋದಕ್ಕ ಎದುರಿಗೆ ತುಟಿ ಅಲ್ಲಾಡಿಸಿ ಕುಂಟುವುದು. ಎಲ್ಲರಿಗೂ ಸರಿ ಕಂಡಿತು, ನನಗೂ. ನನ್ನ ಕತ್ತಲೆ ಮೂಲೆಗೆ ಒಬ್ಬಳು ಜೊತೆ ಸಿಕ್ಕಿದಳಲ್ಲ ಎಂದು ಖುಷಿಯೇ ಆಯಿತು. ಶಾಂತಾ "ಆಗಲಿರಿ" ಎಂದಳು.

ಭಾನುವಾರಗಳಂದು ನೆರೂಳದ ಒಂದು ಶಾಲೆಯ ಹಾಲಿನಲ್ಲಿ ತಾಲೀಮು. ಅವಳು ಹಾಡುವುದು, ನಾನು ಮಾತು ಹೇಳಿಕೊಡುವುದು, ನಡುವೆ ಒಂದು ಡಬ್ಬದ ಚಕ್ಕುಲಿ. ಅವಳು ಹಾಡುತ್ತಿರುವಾಗ ಮುಖ ನೋಡಬೇಕಿತ್ತು ನೀವು. ಹುಬ್ಬು, ಕಣ್ಣು, ಕೈ, ಎಲ್ಲ ಚಂಪೆಯದ್ದೇ. ಆ ಅಭಿನಯಕ್ಕೆ ಪ್ರೇಕ್ಷಕಳೆಂದರೆ ನಾನೊಬ್ಬಳು ಮತ್ತು ಗೋಡೆಯ ಫ್ಯೂಸ್ ಪೆಟ್ಟಿಗೆ.

ಒಂದು ಭಾನುವಾರ ವಿನೋದಕ್ಕ ಅಭ್ಯಾಸದಂತೆ ಹಾಡಿನ ನಡುವೆ ಎಡದಿಂದ ಬಲಕ್ಕೆ ಕಾಲು ಬದಲಾಯಿಸಿದರು. ಶಾಂತಾ ಫಕ್ಕನೆ ನಕ್ಕಳು. ಹಾಡು ಅಲ್ಲೇ ಕಡಿಯಿತು. ರಂಗದ ಮೇಲೆ ತುಟಿ ಅಲ್ಲಾಡಿಸುತ್ತಿದ್ದ ವಿನೋದಕ್ಕ ಸ್ವರವಿಲ್ಲದೆ ನಿಂತರು.

"ಎಂತ ಮಾರಾಯ್ತಿ, ಅಳುವ ಹಾಡಿನಲ್ಲಿ ನಗುವುದಾ?" ಎಂದು ಶೆಟ್ಟರು ಸಿಂಹಾಸನದಿಂದಲೇ ಕೂಗಿದರು.

ಶಾಂತಾ ಕೋಲು ಊರಿಕೊಂಡು ಎದ್ದು ರಂಗದ ಮೇಲಕ್ಕೇ ಹೋದಳು. ಸಿಟ್ಟಿನಲ್ಲಿರಲಿಲ್ಲ. ನಗುವಿನ್ನೂ ಮುಖದ ಮೇಲಿತ್ತು. "ತಪ್ಪಾತ್ರಿ ಶೆಟ್ರ. ಆದರ ಒಂದ ಮಾತ ಕೇಳತೀನಿ. ಈ ನಾಟಕದಾಗ ಒಬ್ಬಾಕಿ ಕುಂಟಿ ಅದಾಳ. ಈ ಹಾಲಿನಾಗೂ ಒಬ್ಬಾಕಿ ಕುಂಟಿ ಅದೀನಿ. ಹಾಡೂ ನಂದ ಅದ. ಮತ್ತ ನನ್ನ ಯಾಕ ಪರದೆ ಹಿಂದ ಕುಂದರಸೀರಿ?"

ಶೆಟ್ಟರು ಕೆಟ್ಟವರಲ್ಲ. ಅವರಿಗೆ ನಿಜಕ್ಕೂ ಸಂಕಟವಾಯಿತು. "ಹಾಗಲ್ಲಮ್ಮ. ಜನ ಬರುವುದು ನಾಟಕ ನೋಡ್ಲಿಕ್ಕೆ. ನಿಜವಾದ ಕಾಲು ಕಂಡ್ರೆ ಅವರಿಗೆ ಬೇಜಾರಾಗ್ತದೆ, ಪಾಪ ಅಂತ."

"ಸುಳ್ಳ ಕಾಲಿಗೆ ಅಳತಾರ, ಖರೇ ಕಾಲಿಗೆ ಬ್ಯಾಸರ ಮಾಡ್ಕೋತಾರ? ಚಲೋ ಮಂದಿರಿ ನಿಮ್ಮವರು." ಮತ್ತೆ ಹೇಳಿದಳು: "ನನಗ ಚಂಪಾ ಆಗಬೇಕ್ರಿ. ಇಲ್ಲಾಂದ್ರ ಹಾಡಾಂಗಿಲ್ಲ."

ಮಾಷ್ಟ್ರು ಹಾರ್ಮೋನಿಯಂ ಮುಚ್ಚಿ, "ಶಾಂತಾ, ನನಗೇನೂ ಅಡ್ಡಿ ಇಲ್ಲ. ಆದ್ರೆ ಮೊದಲ ದೃಶ್ಯದಲ್ಲಿ ಕುಣಿಯಬೇಕಲ್ಲ? ಬಾಣ ಬೀಳುವುದಕ್ಕೆ ಮೊದಲು ಚಂಪೆಯ ಕಾಲು ಸರಿ ಇರಬೇಕಲ್ಲ? ಇಲ್ಲದಿದ್ರೆ ರಾಜ ಕಸಿದದ್ದು ಎಂತದ್ದು?" ಎಂದರು. ಶಾಂತಾ ತನ್ನ ಚೀಲ ಹೆಗಲಿಗೆ ಹಾಕಿಕೊಂಡಳು. ಅವತ್ತು ತಾಲೀಮು ಅಲ್ಲಿಗೇ ಮುಗಿಯಿತು.

ನಾನು ಅವಳನ್ನು ನೆರೂಳ ಸ್ಟೇಷನ್ನಿನವರೆಗೆ ಬಿಡಲು ಹೋದೆ. ಲೋಕಲ್ ರೈಲಿನ ಅಂಗವಿಕಲರ ಡಬ್ಬ ಬಂದು ನಿಲ್ಲುವ ಜಾಗದಲ್ಲಿ, ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಪನವೇಲ್ ಗಾಡಿ ಒಂದು ಬಂತು, ಹೋಯಿತು. ಅವಳು ಹತ್ತಲಿಲ್ಲ. ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆರೆದೆ. ಆದರೆ ಬರೆದುಕೊಟ್ಟ ಮಾತಿಲ್ಲದಿದ್ದರೆ ನನಗೆ ಯಾವಾಗಲೂ ತಡವರಿಕೆ. ಕೇಳಬಾರದ್ದನ್ನು ಕೇಳಿಬಿಟ್ಟೆ. "ಕಾಲು ಹೀಗಾದಾಗ ತುಂಬಾ ಕಷ್ಟ ಆಯ್ತಾ?"

"ಕಾಲು ಹೋದಾಗ ನಾ ಭಾಳ ಸಣ್ಣಾಕಿರಿ ಅಕ್ಕಾರ, ನೆಪ್ಪಿಲ್ಲ." ಕೋಲಿನ ತುದಿಯಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತಾ ಹೇಳಿದಳು. "ಕೋಲು ಮುರದಾಗ ಅತ್ತೀನಿ. ವಾಶಿ ಸ್ಟೇಷನ್ನಿನ್ಯಾಗ ಯಾವನೋ ಓಡಿ ಬಂದು ಮೈಮ್ಯಾಲ ಹಾದ. ಕೋಲು ಹಳಿಮ್ಯಾಲ ಬಿತ್ತು, ಗಾಡಿ ಬಂತು. ಮಂದಿ ಕೂಡಿದರು. ಒಬ್ಬರು ನೀರ ಕೊಟ್ಟರು, ಒಬ್ಬರು ಬಿಸ್ಕೀಟ ಕೊಟ್ಟರು, ಒಬ್ಬ ಹೆಣ್ಮಗಳು ತಲಿ ಸವರಿ ಅತ್ತಳು. ಕೋಲು ಯಾರೂ ಕೊಡಲಿಲ್ಲ. ನನ್ನ ತಮ್ಮ ಕಳಂಬೋಲಿಯಿಂದ ಬ್ಯಾರೇದು ತರೋತನಕಾ ಅಲ್ಲೇ ಕುಂತಿದ್ದೆ. ನನ್ನ ನಡಿಗಿ ಕಾಲಿನ್ಯಾಗಿಲ್ರಿ, ಇದರಾಗದ."

ನಾನು ಆ ಕೋಲನ್ನು ನೋಡಿದೆ. ಅಷ್ಟು ದಿನ ನನ್ನ ಸ್ಟೂಲಿಗೆ ತಾಗಿಕೊಂಡೇ ಇದ್ದದ್ದು. ಕಾಲು ನೀಡಲು ಅಡ್ಡವಾದಾಗ ಎಷ್ಟೋ ಸಲ ನಾನೇ ಅದನ್ನು ಆಚೆಗೆ ಸರಿಸಿ ಇಟ್ಟಿದ್ದೆ. ಅದು ನೆನಪಾಗಿ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡೆ. ಮುಂದಿನ ಗಾಡಿ ಬಂತು, ಅವಳು ಹತ್ತಿ ಹೋದಳು. ನಾನು ಮನೆಗೆ ಹೋಗುವ ಬದಲು ಮಾಷ್ಟ್ರ ಮನೆಗೆ ಹೋದೆ. ಅವರು ಚಹಾಕ್ಕೆ ಕುಳಿತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ: "ಮಾಷ್ಟ್ರೇ, ಬಾಣ ಕಾಲಿಗೆ ಬೀಳುವುದು ಬೇಡ. ಕೋಲಿಗೆ ಬೀಳಲಿ."

ಮಾಷ್ಟ್ರು ತಮ್ಮ ನಾಟಕದಲ್ಲಿ ಒಂದು ಅಕ್ಷರ ಆಚೀಚೆ ಆದರೂ ಸಹಿಸುವವರಲ್ಲ. ಚಹಾ ಆರುವವರೆಗೆ ನನ್ನನ್ನೇ ನೋಡಿದರು. ಆಮೇಲೆ ಚಂಪೆಯ ಹಾಡನ್ನು ಮೊದಲಿಂದ ಕೊನೆಯವರೆಗೆ ತಮ್ಮಷ್ಟಕ್ಕೆ ಗುನುಗಿದರು. "ಹಾಡಿನಲ್ಲಿ ಒಂದು ಶಬ್ದ ಬದಲಾಯಿಸುವುದು ಬೇಡ," ಎಂದರು ಕೊನೆಗೆ. ಅವರಿಗೇ ಆಶ್ಚರ್ಯವಾಗಿತ್ತು. "ಕಸಿದ ನಡಿಗೆ. ಸರಿಯೇ ಉಂಟಲ್ಲ!"

ಇನ್ನುಳಿದದ್ದು ವಿನೋದಕ್ಕನಿಗೆ ಹೇಳುವ ಕೆಲಸ. ಯಾರಿಗೂ ಧೈರ್ಯವಿಲ್ಲ. ಗಂಟಲು ಹೋದ ದುಃಖದ ಮೇಲೆ ಪಾತ್ರವೂ ಹೋಯಿತೆಂದರೆ ಹೇಗೆ? ಮುಂದಿನ ಭಾನುವಾರ ಮಾಷ್ಟ್ರು ಸುತ್ತಿ ಬಳಸಿ ಹೇಳಿ ಮುಗಿಸಿದಾಗ ವಿನೋದಕ್ಕನ ಮುಖ ಕೆಂಪಾಯಿತು. ಕಣ್ಣಲ್ಲಿ ನೀರೂ ಬಂತು. ಶಾಂತಾಳ ಎದುರಿಗೆ ಹೋಗಿ ನಿಂತು, "ಅಲ್ಲ, ಯಾವ ಕಾಲು ಅಂತ ನಂಗೆ ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ? ನಕ್ಕದ್ದು ಯಾಕೆ?" ಎಂದು ಕೇಳಿದರು.

"ಚಂದ ಕಾಣ್ತಿದ್ರಿ ಅಕ್ಕಾರ," ಎಂದಳು ಶಾಂತಾ. "ಎರಡೂ ಕಾಲಿಲೇ ಕುಂಟೋ ಶಕ್ತಿ ನನಗೆಲ್ಲಿಂದ ಬರಬೇಕು?"

ವಿನೋದಕ್ಕ ಅಳುತ್ತಲೇ ನಕ್ಕರು. "ಹಾಗಾದ್ರೆ ಕುಣಿತ ನಂದೇ. ನಾನು ಚಂಪೆಯ ಗೆಳತಿ ಆಗ್ತೇನೆ, ಅವಳು ಬಂಡೆ ಮೇಲೆ ಕೂತು ಹಾಡ್ಲಿ. ಇಷ್ಟು ವರ್ಷ ಕುಂಟಿ ಕುಂಟಿ ಸೊಂಟ ಹಿಡಿದದೆ ಮಾರಾಯ್ರೆ, ಇನ್ನಾದ್ರೂ ಸರಿಯಾಗಿ ನಡೀತೇನೆ." ಹಾಗೆ ಹೇಳಿದವರು ಮನೆಗೆ ಹೋಗಿ ಎಷ್ಟು ಅತ್ತರೋ ನನಗೆ ಗೊತ್ತಿಲ್ಲ. ಮರುವಾರ ಚಂಪೆಯ ಗೆಜ್ಜೆಯನ್ನು ತಾವೇ ತಂದು ಶಾಂತಾಳ ಮಡಿಲಿಗೆ ಹಾಕಿದರು.

ಶೆಟ್ಟರಿಗೆ ಮಾತ್ರ ಕೊನೆಯವರೆಗೂ ಸಮಾಧಾನವಿರಲಿಲ್ಲ. "ಒಂದು ಕೋಲು ಮುರಿದದ್ದಕ್ಕೆ ರಾಜ ಸಿಂಹಾಸನ ಇಳಿಯುವುದಾ? ಜನ ನಗ್ತಾರೆ" ಎಂದು ಗೊಣಗುತ್ತಲೇ ಇದ್ದರು. ಸತ್ಯ ಹೇಳುತ್ತೇನೆ, ಆ ಭಯ ನನಗೂ ಇತ್ತು. ಶಾಂತಾ ಎದುರಿಗೆ ಬಂದಾಗ ಸಭೆ ನಕ್ಕರೆ? ಅಥವಾ ಅದಕ್ಕಿಂತ ಕೆಟ್ಟದ್ದು, 'ಪಾಪ' ಎಂದು ನಾಲಿಗೆ ಲೊಚಗುಟ್ಟಿದರೆ? ಅವಳು ಮತ್ತೆ ಆ ಪರದೆಯ ಹಿಂದಕ್ಕೂ ಬರುವವಳಲ್ಲ, ಹಾಡಲೂ ಹಾಡಲಾರಳು ಎಂದು ನನಗೆ ಖಾತ್ರಿಯಿತ್ತು.

ಪ್ರಯೋಗದ ದಿನ ಹಾಲು ಜನರಿಂದ ತುಂಬಿತ್ತು. ಅವಳ ಓಣಿಯವರು ಕಳಂಬೋಲಿಯಿಂದ ಟೆಂಪೊ ಮಾಡಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿದ್ದರು. ರಂಗಕ್ಕೆ ಹತ್ತುವ ಮೆಟ್ಟಿಲು ಎತ್ತರ. ನಮ್ಮಲ್ಲಿ ಎಲ್ಲರೂ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುತ್ತೇವೆ. ಎತ್ತಿಕೊಳ್ಳಲು ಬಂದವರನ್ನು ಶಾಂತಾ ಕೈಯಲ್ಲೇ ತಡೆದಳು. ಕುಳಿತು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಏರಿದಳು. ಕೂರುವ ಮೊದಲು ಪ್ರತಿ ಮೆಟ್ಟಿಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮೊದಲ ದೃಶ್ಯದಲ್ಲಿ ಅವಳನ್ನು ಕಂಡು ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಲೊಚಗುಟ್ಟಿದ್ದೂ ಕೇಳಿಸಿತು. ಬಾಣ ಬಂತು, ಕೋಲು ಎರಡು ತುಂಡಾಯಿತು, ಪರದೆ ಬಿತ್ತು. ಮತ್ತೆ ಏಳುವಾಗ ಆಸ್ಥಾನ. ಗೆಳತಿಯ ಹೆಗಲು ಹಿಡಿದು ಬಂದ ಚಂಪೆ, ನೆಲದ ಮೇಲೆ ಕುಳಿತು, ಮುರಿದ ತುಂಡುಗಳನ್ನು ರಾಜನ ಮುಂದಿಟ್ಟು ಹಾಡಿದಳು. ಬೇಡುವವಳ ಸ್ವರವಲ್ಲ ಅದು. ತನ್ನದನ್ನು ಕೇಳುವವಳ ಸ್ವರ. ಶೆಟ್ಟರು ಇಳಿದು ಬಂದು ಹೊಸ ಕೋಲು ಕೊಟ್ಟರು. ಅವಳು ಕೋಲು ಊರಿ ಎದ್ದು ನಿಂತಳು. ಚಪ್ಪಾಳೆಯ ಮಧ್ಯೆ, ಹಿಂದಿನ ಸಾಲಿನಿಂದ ಎಂದಿನ ಕೂಗು: "ಒನ್ಸ್ ಮೋರ್!"

ಆಗ ಶೆಟ್ಟರು, ಎಷ್ಟೋ ವರ್ಷಗಳ ಅಭ್ಯಾಸದಂತೆ, ಕೋಲಿಗಾಗಿ ಕೈ ಚಾಚಿದರು.

ನಮಗೆ ಯಾರಿಗೂ ಇದು ಮೊದಲೇ ಹೊಳೆದಿರಲಿಲ್ಲ ನೋಡಿ. ವಿನೋದಕ್ಕನ ಕೈಯಿಂದ ಕೋಲು ಇಸಿದುಕೊಂಡರೆ ಅವರು ನಿಂತೇ ಇರುತ್ತಿದ್ದರು. ಇವಳ ಕೈಯಿಂದ ತೆಗೆದರೆ ಇವಳು ನೆಲಕ್ಕೆ ಇಳಿಯಬೇಕು. ಇಡೀ ಸಭೆಗೆ ಅದು ಒಮ್ಮೆಗೇ ಕಂಡಿತು, ಗದ್ದಲ ನಿಂತಿತು. ಶೆಟ್ಟರ ಕೈ ಗಾಳಿಯಲ್ಲೇ ಉಳಿಯಿತು. ನನ್ನ ಹಾಳು ನಾಲಿಗೆಯೂ ಅಭ್ಯಾಸಬಲದಿಂದ ಮರೆಯಲ್ಲಿ "ಕೊಡು, ಕೋಲು ಕೊಡು" ಎಂದು ಪಿಸುಗುಟ್ಟುತ್ತಿತ್ತು.

ಶಾಂತಾ ಕೋಲನ್ನು ಎದೆಗೆ ಹತ್ತಿರ ಎಳೆದುಕೊಂಡಳು. ಸೊಂಟದ ಮೇಲೆ ಒಂದು ಕೈ ಇಟ್ಟು, ಮಾಷ್ಟ್ರ ಗ್ರಾಂಥಿಕ ಭಾಷೆಯನ್ನೆಲ್ಲ ಬದಿಗಿಟ್ಟು, ತನ್ನೂರಿನ ಮಾತಿನಲ್ಲಿ ಕೇಳಿದಳು: "ಕೊಟ್ಟಿದ್ದು ಹೊಳ್ಳಿ ಕೇಳ್ತೀಯೇನೋ, ದೊರಿ?"

ಹಿಂದಿನ ಸಾಲುಗಳಿಂದ ಎದ್ದಿತು ನೋಡಿ ಸಿಳ್ಳೆ! ಮುಂದಿನ ಸಾಲಿನವರು ನಗುತ್ತಾ ಚಪ್ಪಾಳೆ ಹೊಡೆದರು. ಅದು ಅವಳ ಕಾಲಿನ ಮೇಲಿನ ನಗೆಯಲ್ಲ, ರಾಜನ ಫಜೀತಿಯ ಮೇಲಿನ ನಗೆ. ಶೆಟ್ಟರು ಒಳ್ಳೆಯ ನಟರೆಂದು ನನಗೆ ಅವತ್ತು ಗೊತ್ತಾಯಿತು. ಚಾಚಿದ ಕೈಗೆ ಇನ್ನೊಂದು ಕೈ ಸೇರಿಸಿ ಮುಗಿದು, "ತಪ್ಪಾಯ್ತು ತಾಯಿ, ನಿಂದು ನಿನ್ನ ಹತ್ರವೇ ಇರ್ಲಿ" ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಶಾಂತಾ ನಿಂತುಕೊಂಡೇ, ಕೋಲು ಊರಿಕೊಂಡೇ, ಅದೇ ಹಾಡನ್ನು ಇನ್ನೊಮ್ಮೆ ಹಾಡಿದಳು. ನಾನು ಅಲ್ಲಿಯವರೆಗೆ ರಂಗವನ್ನು ಒಮ್ಮೆಯೂ ಎದುರಿನಿಂದ ನೋಡಿದವಳಲ್ಲ. ಸ್ಟೂಲು ಬಿಟ್ಟು, ಪಕ್ಕದ ಮೆಟ್ಟಿಲಿಳಿದು, ಸಭೆಯ ನಡುವೆ ನಿಂತು ನೋಡಿದೆ. ನನ್ನಿಂದ ಹೇಳಿಸಿಕೊಳ್ಳುವ ಅಗತ್ಯ ಅವತ್ತು ಯಾರಿಗೂ ಇರಲಿಲ್ಲ. ಅತ್ತೆ, ಹೌದು. ಆದರೆ 'ಪಾಪ' ಎಂದು ಅತ್ತದ್ದಲ್ಲ.

ಆಮೇಲೆ ಡೊಂಬಿವಲಿ, ಕಲ್ಯಾಣ ಎಂದು ನಾಟಕ ಬಹಳ ಕಡೆ ಹೋಯಿತು. ಎಲ್ಲ ಕಡೆಯೂ ಶೆಟ್ಟರು ಕೈ ಚಾಚಲೇಬೇಕು, ಶಾಂತಾ ಆ ಮಾತು ಹೇಳಲೇಬೇಕು. ಕಲ್ಯಾಣದಲ್ಲಿ ಜನ ಆ ಮಾತಿಗೇ ಒನ್ಸ್ ಮೋರ್ ಕೂಗಿದರು. ಮಾಷ್ಟ್ರು ನಾಟಕದ ಪ್ರತಿಯಲ್ಲಿ ಅದನ್ನು ಬರೆದುಕೊಂಡರು, 'ಹೊಳ್ಳಿ'ಯನ್ನು 'ಮರಳಿ' ಎಂದು ಗ್ರಾಂಥಿಕಕ್ಕೆ ತಿದ್ದದೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಸಂಜೆಯಾಯಿತು. ಸೀರೆ ಉಟ್ಟೆ. ಬಾಗಿಲ ಹಿಂದೆ ಕೈ ಹಾಕಿದಾಗ ಮೊದಲು ಛತ್ರಿ ಸಿಕ್ಕಿತು. ಅದನ್ನು ಬಿಟ್ಟು ಕೋಲು ತೆಗೆದುಕೊಂಡೆ. ಲಿಫ್ಟಿನಲ್ಲಿ ಕಂಡವರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು. "ಹೌದು, ನಿನ್ನೆಯಿಂದ" ಎಂದೆ. ಅಷ್ಟೇ. ಲಿಫ್ಟು ನೆಲಕ್ಕೆ ಬಂತು.

ಸಂಘದ ಹಾಲಿನಲ್ಲಿ ಶಾಂತಾ ಮೊದಲೇ ಬಂದಿದ್ದಳು. ಈಗ ನಾಟಕ ಆಡಿಸುವವಳು ಅವಳೇ. ಮಾಷ್ಟ್ರು ಹಾರ್ಮೋನಿಯಂ ಮಾತ್ರ. ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು. ಪಕ್ಕದ ಕುರ್ಚಿಯಿಂದ ಪರ್ಸು ತೆಗೆದು ಜಾಗ ಮಾಡಿದಳು. ಫೋಟೊದವನು ಬೇರೆ ಭಾಷೆಯ ಚುರುಕಿನ ಹುಡುಗ. ಎಲ್ಲರನ್ನೂ ನಿಲ್ಲಿಸಿ ಕೂರಿಸಿ ಆದ ಮೇಲೆ ನನ್ನ ಹತ್ತಿರ ಬಂದು, "ಆಂಟಿ, ವೋ ಸ್ಟಿಕ್ ಮುಝೇ ದೇ ದೋ, ಫೋಟೊ ಮೇಂ ಅಚ್ಛಾ ನಹೀಂ ಲಗೇಗಾ" ಎಂದು ಕೈ ಚಾಚಿದ. ಕೋಲು ಫೋಟೊದಲ್ಲಿ ಚಂದ ಕಾಣುವುದಿಲ್ಲವಂತೆ.

ಯಾವ ಮಾತು ಹೇಳಬೇಕೆಂದು ನನಗೆ ಗೊತ್ತಿತ್ತು. ಎಷ್ಟೋ ಪ್ರಯೋಗಗಳಲ್ಲಿ ಮರೆಯಲ್ಲಿ ಕುಳಿತು ಅವಳ ಜೊತೆ ತುಟಿ ಆಡಿಸಿದ ಮಾತು. ಆದರೆ ಬಾಯಿ ತೆರೆದರೆ ಸ್ವರವೇ ಇಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹುಡುಗನ ಬೆರಳು ಕೋಲಿಗೆ ತಾಗಿತು.

ಆಗ ಪಕ್ಕದ ಕುರ್ಚಿಯಿಂದ ಶಾಂತಾ, ಮುಖ ಕ್ಯಾಮರಾದ ಕಡೆಗೇ ಇಟ್ಟುಕೊಂಡು, ಮೆಲ್ಲನೆ ಪಿಸುಗುಟ್ಟಿದಳು: "ಕೊಟ್ಟಿದ್ದು ಹೊಳ್ಳಿ..."

ನಾನು ಕೋಲನ್ನು ಎದೆಗೆ ಎಳೆದುಕೊಂಡು, ಇಡೀ ಹಾಲಿಗೆ ಕೇಳುವಂತೆ, ಉಳಿದದ್ದನ್ನು ಹೇಳಿದೆ.